ಇಬ್ಬರು ಗಂಗಾಂಬಿಕೆಯರು ಮತ್ತು ಜಾವಾ ಮೇಡಂ

ಉಮಾಮಹೇಶ್ವರಿಯವರಿಗೆ ಕೋಪ ಬರುವುದು ವರ್ಷಕ್ಕೊಮ್ಮೆ. ರೋಸಿಹೋಗುವುದು ಮಾತ್ರ ದಿನಕ್ಕೆ ನಾಲ್ಕು ಪೀರಿಯಡ್. ತುಮಕೂರಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಅವರು ಹದಿನಾಲ್ಕು ವರ್ಷಗಳಿಂದ ಬಿಸಿಎ ವಿದ್ಯಾರ್ಥಿಗಳಿಗೆ ಜಾವಾ ಕಲಿಸುತ್ತಿದ್ದಾರೆ. ಈ ಅವಧಿಯಲ್ಲಿ ಜಾವಾ ಹಲವು ಬಾರಿ ಹೊಸತಾಗಿದೆ, ಲ್ಯಾಬಿನ ಕಂಪ್ಯೂಟರುಗಳು ಎರಡು ಬಾರಿ ಬದಲಾಗಿವೆ, ಪ್ರಿನ್ಸಿಪಾಲರು ಮೂವರು ಬಂದು ಹೋಗಿದ್ದಾರೆ. ಬದಲಾಗದೆ ಉಳಿದಿರುವುದು ಎರಡು: ಪ್ರತಿ ವರ್ಷ ಹೊಸದಾಗಿ ಕೈಗೆ ಬರುವ ಅವರ ಅತಿಥಿ ಉಪನ್ಯಾಸಕಿ ಎಂಬ ಆದೇಶಪತ್ರ ಮತ್ತು ವಿದ್ಯಾರ್ಥಿಗಳ ತಪ್ಪುಗಳು.

ಅವರು ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ. ಅಲ್ಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಎರಡು ಕಂಪ್ಯೂಟರು ಬಂದ ವರ್ಷ, ಅವುಗಳ ಮೇಲೆ ಹೊದಿಸಿದ್ದ ಬಟ್ಟೆಯನ್ನು ತೆಗೆಯಲು ಅನುಮತಿ ಪಡೆದ ಮೊದಲ ಹುಡುಗಿ ತಾವೇ ಎಂಬುದನ್ನು ಇಂದಿಗೂ ಸ್ವಲ್ಪ ಜಂಬದಿಂದಲೇ ಹೇಳುತ್ತಾರೆ. ಬಿಎಸ್ಸಿ ಮುಗಿಸಿ, ದೂರಶಿಕ್ಷಣದಲ್ಲಿ ಎಂಸಿಎ ಮಾಡಿಕೊಂಡರು. ಪತಿ ಕೃಷ್ಣಕುಮಾರ್ ತುಮಕೂರಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಗುಬ್ಬಿಯಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಡುತ್ತಾರೆ. ಮುಂದಿನ ಸೀಟಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಆಕೆ, ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾ ಆತ.

ವಿದ್ಯಾರ್ಥಿಗಳು ಎಡವುವ ಮೊದಲ ಜಾಗ ಹೋಲಿಕೆ. ಅದಕ್ಕಾಗಿ ಮೇಡಂ ಮನೆಯಿಂದ ಎರಡು ತೆಂಗಿನಕಾಯಿ ತಂದು ಮೇಜಿನ ಮೇಲಿಟ್ಟು, ಇವೆರಡೂ ಒಂದೇನಾ ಎಂದು ಕೇಳುತ್ತಾರೆ. ಒಂದೇ ಎಂದು ಅರ್ಧ ತರಗತಿ ಹೇಳುತ್ತದೆ, ಬೇರೆ ಎಂದು ಇನ್ನರ್ಧ. ಆಗ ಅವರು ವಿವರಿಸುತ್ತಾರೆ. ಜಾವಾದಲ್ಲಿ ಎರಡು ವಸ್ತುಗಳ ನಡುವೆ ಜೋಡಿ ಸಮಚಿಹ್ನೆ ಹಾಕಿದರೆ, ಈ ಎರಡು ಹೆಸರುಗಳು ಬೆರಳು ತೋರಿಸುತ್ತಿರುವುದು ಒಂದೇ ಕಾಯಿಯನ್ನೇ ಎಂದು ಕೇಳಿದ ಹಾಗೆ. ಈಕ್ವಲ್ಸ್ ಎಂದು ಬರೆದರೆ, ಕಾಯಿಗಳು ಎರಡಾದರೂ ನಾವು ಗೊತ್ತುಮಾಡಿದ ಲಕ್ಷಣಗಳಲ್ಲಿ ಸಮವೇ ಎಂದು ಕೇಳಿದ ಹಾಗೆ. ಆ ಲಕ್ಷಣಗಳು ಯಾವುವು, ತೂಕವೋ ಗಾತ್ರವೋ ತಳಿಯೋ, ಎಂಬುದನ್ನು ಪ್ರೋಗ್ರಾಂ ಬರೆಯುವವರೇ ಹೇಳಿಕೊಡಬೇಕು. ಹೇಳಿಕೊಡದಿದ್ದರೆ ಈಕ್ವಲ್ಸ್ ಕೂಡ ಮೊದಲಿನ ಪ್ರಶ್ನೆಯನ್ನೇ ಕೇಳಿ ಸುಮ್ಮನಾಗುತ್ತದೆ. ಇಷ್ಟನ್ನು ಕೇಳಿ ಎಲ್ಲರೂ ತಲೆದೂಗುತ್ತಾರೆ. ಮರುದಿನ ಲ್ಯಾಬಿನಲ್ಲಿ ಎಲ್ಲರೂ ಜೋಡಿ ಸಮಚಿಹ್ನೆ ಹಾಕಿರುತ್ತಾರೆ.

ಎರಡನೆಯ ಜಾಗ ಕಾಸ್ಟಿಂಗ್. ಒಂದು ವಸ್ತುವಿನ ಮುಂದೆ ಕಂಸದಲ್ಲಿ ಒಂದು ವರ್ಗದ, ಅಂದರೆ ವಸ್ತುವಿನ ಬಗೆಯ, ಹೆಸರು ಬರೆದರೆ, ಇದನ್ನು ಆ ವರ್ಗದ್ದೆಂದೇ ಪರಿಗಣಿಸು ಎಂದು ಕಂಪ್ಯೂಟರಿಗೆ ಮಾತು ಕೊಟ್ಟ ಹಾಗೆ. ಮಾತು ನಿಜವಾದರೆ ಕೆಲಸ ಮುಂದುವರಿಯುತ್ತದೆ. ಸುಳ್ಳಾದರೆ ನಡುದಾರಿಯಲ್ಲಿ ನಿಲ್ಲುತ್ತದೆ. ರಾಗಿ ಚೀಲದ ಮೇಲೆ ಅಕ್ಕಿ ಎಂದು ಬರೆದರೆ ಅನ್ನವಾಗುವುದಿಲ್ಲ ಎಂದು ಮೇಡಂ ಹದಿನಾಲ್ಕು ವರ್ಷ ಹೇಳಿದ್ದಾರೆ. ಅಷ್ಟೂ ವರ್ಷ ಅನ್ನಕ್ಕೆ ಎಸರಿಟ್ಟು ಕುಳಿತವರನ್ನು ನೋಡಿದ್ದಾರೆ.

ಕಳೆದ ಜೂನ್ ಕೊನೆಯಲ್ಲಿ ಷಡಕ್ಷರಿ ಮೇಷ್ಟ್ರು ಕಾಲೇಜಿಗೆ ಬಂದರು. ಗುಬ್ಬಿಯ ಹೈಸ್ಕೂಲಿನಲ್ಲಿ ಉಮಾಮಹೇಶ್ವರಿಯವರಿಗೆ ಗಣಿತ ಕಲಿಸಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು ಅವರು. ಈಗ ತುಮಕೂರಿನಲ್ಲಿ ಒಂದು ಟ್ರಸ್ಟ್ ನಡೆಸುವ ಹೆಣ್ಣುಮಕ್ಕಳ ಉಚಿತ ಹಾಸ್ಟೆಲಿನ ಕಾರ್ಯದರ್ಶಿ. ಹಿಂದಿನ ವರ್ಷ ಆಯ್ಕೆಪಟ್ಟಿಯ ಬುಡದಲ್ಲಿ ಯಾರೋ ಪೆನ್ನಿನಿಂದ ನಾಲ್ಕು ಹೆಸರು ಸೇರಿಸಿ ದೊಡ್ಡ ರಂಪವಾಗಿತ್ತು. ಆದ್ದರಿಂದ ಈ ಬಾರಿ ಕಂಪ್ಯೂಟರ್ ಕೊಟ್ಟ ಪಟ್ಟಿಯಷ್ಟೇ ಪಟ್ಟಿ, ಪೆನ್ನಿನ ಅಕ್ಷರಕ್ಕೆ ಬೆಲೆಯಿಲ್ಲ ಎಂದು ಸಮಿತಿ ತೀರ್ಮಾನಿಸಿತ್ತು. ತೆರವಾದ ಅರವತ್ತು ಸೀಟಿಗೆ ಮುನ್ನೂರ ಹನ್ನೆರಡು ಹೊಸ ಅರ್ಜಿ; ಈಗಾಗಲೇ ಹಾಸ್ಟೆಲಿನಲ್ಲಿರುವವರ ನವೀಕರಣ ಅರ್ಜಿಗಳು ಬೇರೆ. ಹೊಸಬರಲ್ಲಿ ಕೆಲವರು ಎರಡೆರಡು ಬಾರಿ ಹಾಕಿದ್ದರು: ಒಂದು ಕಳೆದುಹೋದರೆ ಇನ್ನೊಂದಿರಲಿ ಎಂದು ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿ ಒಮ್ಮೆ, ಕೈಬರಹದಲ್ಲಿ ಒಮ್ಮೆ. ಇಂಥವನ್ನು ತೆಗೆದು, ಪಿಯುಸಿ ಅಂಕಗಳ ಕ್ರಮದಲ್ಲಿ ಪಟ್ಟಿ ಮಾಡಿಕೊಡುವಂತೆ ಮೇಷ್ಟ್ರು ಕೇಳಿದರು. ಎರಡನೆಯ ವರ್ಷದ ತರಗತಿಗೆ ಒಳ್ಳೆಯ ಅಭ್ಯಾಸವಾದೀತೆಂದು ಮೇಡಂ ಒಪ್ಪಿಕೊಂಡರು.

ಸಂತೋಷ್ ಎಂಬ ವಿದ್ಯಾರ್ಥಿ ಬರೆದ ಮೊದಲ ಪ್ರೋಗ್ರಾಂ ಒಂದೇ ಒಂದು ಅರ್ಜಿಯನ್ನೂ ತೆಗೆಯಲಿಲ್ಲ. ಜೋಡಿ ಸಮಚಿಹ್ನೆ ಹಾಕಿದ್ದ. ಒಂದೇ ಹುಡುಗಿಯ ಎರಡು ಅರ್ಜಿಗಳು ಎರಡು ವಸ್ತುಗಳಾದ್ದರಿಂದ ಎಲ್ಲವೂ ಬೇರೆ ಬೇರೆ ಎಂದೇ ಉತ್ತರ ಬಂತು. ಮೇಡಂ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ತರಗತಿಯಲ್ಲೇ ಚುರುಕಾದ ಇಂಪನಾ ಈಕ್ವಲ್ಸ್ ಬರೆದಳು. ಯಾವ ಲಕ್ಷಣಗಳನ್ನು ಹೋಲಿಸಬೇಕೆಂದು ಕೇಳಿದಾಗ, ಹೆಸರು, ತಂದೆಯ ಹೆಸರು, ಊರು ಎಂದು ಮೇಡಂ ಹೇಳಿದರು. ಫೋನ್ ನಂಬರು ಬೇಡವೆಂದರು. ಸೈಬರ್ ಸೆಂಟರಿನವನು ಇಪ್ಪತ್ತು ಅರ್ಜಿಗಳಿಗೆ ತನ್ನದೇ ನಂಬರು ಹಾಕಿದ್ದ. ಅಂಕವನ್ನು ಒಂದೇ ಹುಡುಗಿ ಒಂದು ಅರ್ಜಿಯಲ್ಲಿ ಆರುನೂರಕ್ಕೆ, ಇನ್ನೊಂದರಲ್ಲಿ ನೂರಕ್ಕೆ ಬರೆದದ್ದೂ ಇತ್ತು; ಶೇಕಡಾಕ್ಕೆ ಇಳಿಸಿದರೆ ಪಟ್ಟಿಯ ಕ್ರಮಕ್ಕೆ ಸಾಕು, ಆದರೆ ದಶಾಂಶ ತಾಳೆಯಾಗದ್ದರಿಂದ ಹೋಲಿಕೆಗೆ ಅದನ್ನು ನಂಬುವಂತಿರಲಿಲ್ಲ.

ಇಷ್ಟು ಸಾಕಾ ಮೇಡಂ ಎಂದು ಇಂಪನಾ ಅನುಮಾನಿಸಿದ್ದಳು. ಗಂಟೆ ಬಾರಿಸುವ ಹೊತ್ತು.

"ಒಂದೇ ಊರಲ್ಲಿ, ಒಂದೇ ಹೆಸರಿನ ಅಪ್ಪಂಗೆ, ಒಂದೇ ಹೆಸರಿನ ಮಗಳು ಎಷ್ಟ್ ಜನ ಇರ್ತಾರೆ ಕಣೇ? ಸಾಕು, ಬರಿ" ಎಂದಿದ್ದರು ಮೇಡಂ.

ಇಪ್ಪತ್ತಮೂರು ಅರ್ಜಿಗಳು ಹೊರಬಿದ್ದವು. ಕರಡು ಪಟ್ಟಿಯನ್ನು ಗುರುವಾರ ಬೆಳಿಗ್ಗೆ ಹಾಸ್ಟೆಲಿನ ಬಾಗಿಲಿಗೆ ಅಂಟಿಸಿದರು; ಆಕ್ಷೇಪಣೆ ಇದ್ದವರು ನಾಲ್ಕು ಗಂಟೆಯೊಳಗೆ ತಿಳಿಸಬೇಕು, ನಾಲ್ಕಕ್ಕೆ ಸಮಿತಿ ಸೇರಿ ಸಹಿ ಹಾಕುತ್ತದೆ.

ಅಂದು ಹನ್ನೊಂದು ಗಂಟೆಗೆ ಒಬ್ಬ ಹುಡುಗಿ ಅರ್ಜಿಯ ಸ್ವೀಕೃತಿ ಚೀಟಿ ಹಿಡಿದುಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತಳು. ಹೆಸರು ಗಂಗಾಂಬಿಕೆ, ಊರು ಯಡಿಯೂರು. ಷಡಕ್ಷರಿ ಮೇಷ್ಟ್ರೇ ಜಾವಾ ಮೇಡಂ ಹತ್ತಿರ ಕಳಿಸಿದ್ದರು. ಪಟ್ಟಿಯಲ್ಲಿ ತನ್ನ ಹೆಸರಿಲ್ಲ ಎಂದಳು. ಮೇಡಂ ಪಟ್ಟಿ ನೋಡಿದರು. ನಲವತ್ತೊಂದನೆಯ ಸಾಲಿನಲ್ಲಿ ಗಂಗಾಂಬಿಕೆ, ತಂದೆ ಸಿದ್ದಲಿಂಗಯ್ಯ, ಯಡಿಯೂರು ಎಂದು ಸ್ಪಷ್ಟವಾಗಿತ್ತು. ಅದನ್ನೇ ಬೆರಳಿಟ್ಟು ತೋರಿಸಿದರು.

"ಅದು ನಾನಲ್ಲ ಮೇಡಂ. ನಮ್ ದೊಡ್ಡಪ್ಪನ ಮಗಳು" ಎಂದಳು ಹುಡುಗಿ. "ಅವಳ್ದು ಎಂಬತ್ನಾಲ್ಕು ಪರ್ಸೆಂಟು. ನಂದು ತೊಂಬತ್ತೊಂದು."

ಮೇಡಂ ಅವಳನ್ನು ಕೂರಿಸಿ ಒಂದೊಂದಾಗಿ ಕೇಳಿದರು. ಅವಳ ತಾತನಿಗೆ ಇಬ್ಬರು ಗಂಡುಮಕ್ಕಳು. ಇಬ್ಬರಿಗೂ ಯಡಿಯೂರಿನ ಸ್ವಾಮಿಯ ಹೆಸರನ್ನೇ ಇಟ್ಟು, ಮನೆಯಲ್ಲಿ ದೊಡ್ಡಸಿದ್ದಲಿಂಗಯ್ಯ, ಚಿಕ್ಕಸಿದ್ದಲಿಂಗಯ್ಯ ಎಂದು ಕರೆದರು. ಶಾಲೆಯ ದಾಖಲೆಯಲ್ಲಿ ದೊಡ್ಡದೂ ಚಿಕ್ಕದೂ ಬಿದ್ದುಹೋಗಿ ಇಬ್ಬರೂ ಬರಿಯ ಸಿದ್ದಲಿಂಗಯ್ಯರಾದರು. ಅಜ್ಜಿ ಪುಟ್ಟಗಂಗಮ್ಮ, ಇಬ್ಬರು ಸೊಸೆಯರ ಮೊದಲ ಹೆಣ್ಣುಕೂಸಿಗೂ ದೇವಿ ಗಂಗಾಂಬಿಕೆಯ ಹೆಸರೇ ಇಡುವೆನೆಂದು ಹರಕೆ ಹೊತ್ತಳು. ಕೂಸುಗಳು ನಾಲ್ಕು ತಿಂಗಳ ಅಂತರದಲ್ಲಿ ಹುಟ್ಟಿದವು. ದೊಡ್ಡವನ ಮಗಳು ಊರೊಳಗಿನ ಮನೆಯವಳಾದ್ದರಿಂದ ಹಟ್ಟಿಗಂಗಾ. ಇವಳು ತೆಂಗಿನ ತೋಟದ ಮನೆಯವಳು, ತೋಟದಗಂಗಾ.

ಈ ಹುಡುಗಿ ಅಳಲಿಲ್ಲ, ಅಚ್ಚರಿಯನ್ನೂ ತೋರಿಸಲಿಲ್ಲ. ಹೀಗಾಗುವುದು ಅವಳಿಗೆ ಹೊಸದಲ್ಲ. ಎಂಟನೆಯ ತರಗತಿಯಲ್ಲಿ ಸರ್ಕಾರದ ಸೈಕಲ್ ಇಬ್ಬರಿಗೂ ಸೇರಿ ಒಂದೇ ಬಂದಿತ್ತು. ಅದರಲ್ಲಿ ಸೋಮವಾರದಿಂದ ಬುಧವಾರ ಒಬ್ಬಳು, ಗುರುವಾರದಿಂದ ಶನಿವಾರ ಇನ್ನೊಬ್ಬಳು.

"ಸೈಕಲ್ ಆದ್ರೆ ಹಂಚ್ಕೋಬೋದು ಮೇಡಂ. ಹಾಸ್ಟೆಲ್ ಸೀಟು ಹೆಂಗ್ ಹಂಚ್ಕೊಳ್ಳೋದು? ನಮ್ಮಪ್ಪ ಹೇಳ್ಬುಟ್ಟವ್ರೆ, ಹಾಸ್ಟೆಲ್ ಸಿಕ್ರೆ ಡಿಗ್ರಿ, ಇಲ್ದಿದ್ರೆ ಬುಡು ಅಂತ."

ಬಸ್ಸಿನ ಟಿಕೆಟ್ಟು ಹೆಂಗಸರಿಗೆ ಈಗ ಉಚಿತವೇ. ಆದರೆ ಯಡಿಯೂರಿನಿಂದ ಕುಣಿಗಲ್, ಅಲ್ಲಿ ಕಾದು ಇನ್ನೊಂದು ಬಸ್ಸು ಹಿಡಿದು ತುಮಕೂರು. ಹೋಗಿಬರುವುದರಲ್ಲೇ ದಿನಕ್ಕೆ ಐದು ಗಂಟೆ. ಆ ಐದು ಗಂಟೆಯನ್ನು ಯಾರೂ ಉಚಿತವಾಗಿ ಕೊಡುವುದಿಲ್ಲ. ಅವಳ ಅಪ್ಪನ ಮಾತು ಕ್ರೌರ್ಯದ್ದಲ್ಲ, ಲೆಕ್ಕಾಚಾರದ್ದು ಎಂಬುದು ಮೇಡಂಗೆ ಅರ್ಥವಾಯಿತು.

ಇಂಪನಾಳ ಪ್ರೋಗ್ರಾಂನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಕೇಳಿದ ಮೂರು ಲಕ್ಷಣಗಳೂ ಸಮ, ಆದ್ದರಿಂದ ಇಬ್ಬರೂ ಒಬ್ಬಳೇ. ಮೊದಲು ಬಂದ ಅರ್ಜಿ ಉಳಿಯಿತು, ನಂತರದ್ದು ಹೋಯಿತು. ತಪ್ಪಿದ್ದದ್ದು ಲಕ್ಷಣಗಳನ್ನು ಆರಿಸಿದವರಲ್ಲಿ, ಅಂದರೆ ಮೇಡಂರಲ್ಲಿ. ದಡ್ಡ ಸಂತೋಷನ ದಡ್ಡ ಪ್ರೋಗ್ರಾಂನಲ್ಲಿ ಈ ಹುಡುಗಿ ಸುರಕ್ಷಿತವಾಗಿ ಉಳಿಯುತ್ತಿದ್ದಳು. ಸಂತೋಷ್‌ಗೂ ಅದು ಹೊಳೆದಿತ್ತು. ಆದರೆ ಮೇಡಂ ಮುಖ ನೋಡಿ ಕೀಬೋರ್ಡಿನ ಧೂಳು ಒರೆಸತೊಡಗಿದ.

ಜನ್ಮದಿನಾಂಕವನ್ನು ಸೇರಿಸಿದರೆ ಆಯಿತು ಎಂದು ಇಂಪನಾ ಒಂದು ಸಾಲು ಹೆಚ್ಚಿಸಿ ಓಡಿಸಿದಳು. ಗಂಗಾಂಬಿಕೆ ಮತ್ತೆ ಒಬ್ಬಳೇ. ಇಬ್ಬರ ದಾಖಲೆಯಲ್ಲೂ ಜೂನ್ ಒಂದನೆಯ ತಾರೀಖು, ಒಂದೇ ಇಸವಿ. ಮೇಡಂ ಕೂಡಲೇ ಷಡಕ್ಷರಿ ಮೇಷ್ಟ್ರಿಗೆ ಫೋನ್ ಮಾಡಿದರು. ಮೇಷ್ಟ್ರು ಅತ್ತ ಕಡೆಯಿಂದ ನಿಧಾನವಾಗಿ ನಕ್ಕರು.

"ಒಂದನೇ ಕ್ಲಾಸಿಗೆ ಸೇರಿಸೋವಾಗ ತಂದೆತಾಯಿಗೆ ತಾರೀಖು ನೆನಪಿಲ್ದಿದ್ರೆ ಮೇಷ್ಟ್ರು ಜೂನ್ ಒಂದು ಅಂತ ಬರ್ಕೊಳ್ಳೋದು ಕಣಮ್ಮ. ಸ್ಕೂಲ್ ಶುರುವಾಗೋ ದಿನ, ವಯಸ್ಸಿನ ತಕರಾರಿಲ್ಲ. ನಾನೂ ನೂರಾರು ಮಕ್ಕಳಿಗೆ ಬರ್ದಿದೀನಿ. ನಿನ್ನ ಟೀಸಿ ನೋಡಿದ್ದೆ, ನಿಂದೂ ಜೂನ್ ಒಂದೇ."

ಅದು ನಿಜವಾಗಿತ್ತು. ಮೇಡಂ ಹುಟ್ಟಿದ್ದು ದೀಪಾವಳಿಯ ಆಸುಪಾಸಿನಲ್ಲಿ.

ಗಂಗಾಂಬಿಕೆಯರನ್ನು ಬೇರ್ಪಡಿಸಬಲ್ಲ ಸಂಗತಿ ಯಾವುದೆಂದು ಅವರು ಹುಡುಗಿಯನ್ನೇ ಕೇಳಿದರು. ಅವಳು ಯೋಚಿಸಿದಳು. ಕುಲ ಒಂದೇ, ದೇವರು ಒಂದೇ, ಶಾಲೆ ಒಂದೇ, ಓದಿದ ಕಾಂಬಿನೇಶನ್ನೂ ಒಂದೇ. ಕೊನೆಗೆ, ತನ್ನ ಅವ್ವ ಬೇರೆ ಎಂದಳು. ಅವ್ವ ಹನುಮಮ್ಮ, ದೊಡ್ಡವ್ವ ಸುಬ್ಬಲಕ್ಷ್ಮಮ್ಮ.

ಅರ್ಜಿಯಲ್ಲಿ ತಾಯಿಯ ಹೆಸರಿಗೆ ಜಾಗವಿತ್ತು, ಎಲ್ಲರೂ ತುಂಬಿದ್ದರು ಕೂಡ. ಕಂಪ್ಯೂಟರಿಗೆ ಟೈಪ್ ಮಾಡುವಾಗ ಮಾತ್ರ ಅದು ಯಾರಿಗೂ ಬೇಕಾಗಿರಲಿಲ್ಲ. ಅದನ್ನು ಬಿಡಬಹುದು ಎಂದು ಹೇಳಿದ್ದೂ ಉಮಾಮಹೇಶ್ವರಿಯವರೇ. ಕೂಡಲೇ ಅವರು ಇಡೀ ತರಗತಿಯನ್ನು ಎಬ್ಬಿಸಿಕೊಂಡು, ಮೂರು ಲ್ಯಾಪ್‌ಟಾಪ್ ಹಿಡಿಸಿಕೊಂಡು ಹಾಸ್ಟೆಲಿಗೆ ನಡೆದರು. ಗಂಟೆ ಒಂದೂವರೆ.

ಅರ್ಜಿಗಳು ಕೆಂಪು ದಾರದಲ್ಲಿ ಬಿಗಿದು ಕಪಾಟಿನಲ್ಲಿದ್ದವು. ಕಟ್ಟು ಬಿಚ್ಚಲು ಷಡಕ್ಷರಿ ಮೇಷ್ಟ್ರು ಒಪ್ಪಲಿಲ್ಲ. ಒಂದು ಹೆಸರಿಗಾಗಿ ಮುನ್ನೂರ ಹನ್ನೆರಡು ಅರ್ಜಿ ಯಾಕೆ ತಿರುವಬೇಕು, ಕೊನೆಯಲ್ಲಿ ಆ ಹುಡುಗಿಯ ಹೆಸರನ್ನು ತಾನೇ ಬರೆದು ಸಹಿ ಹಾಕುತ್ತೇನೆ ಎಂದರು.

"ಪೆನ್ನಲ್ಲಾ ಸಾರ್?" ಎಂದರು ಮೇಡಂ.

ಮೇಷ್ಟ್ರು ಜೇಬಿನತ್ತ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದರು.

"ಪೆನ್ನಲ್ಲಿ ಬರೆದ ಹೆಸರನ್ನ ಸಮಿತಿಯವ್ರು ಮೊದಲು ಹೊಡೆದುಹಾಕ್ತಾರೆ. ಯಾರ ಶಿಫಾರಸು ಅಂತ ಆ ಮಗೂನೇ ಕೇಳ್ತಾರೆ. ತೊಂಬತ್ತೊಂದು ತಗೊಂಡೋಳು ಪಟ್ಟಿ ಬುಡದಲ್ಲಿ ಯಾಕ್ ಕೂರ್ಬೇಕು ಸಾರ್? ಅವಳ ಜಾಗ ಮೇಲಿದೆ."

ಇನ್ನೂ ಒಂದು ಕಾರಣವಿತ್ತು, ಅದನ್ನು ಅವರು ತಗ್ಗಿದ ದನಿಯಲ್ಲಿ ಹೇಳಿದರು: ಹೊರಬಿದ್ದ ಉಳಿದ ಇಪ್ಪತ್ತೆರಡರಲ್ಲಿ ಇನ್ನೊಬ್ಬಳು ಇಂಥವಳು ಇಲ್ಲ ಎಂದು ಯಾರು ಹೇಳಬಲ್ಲರು? ಇವಳು ಬಂದು ಕೇಳಿದಳು, ಗೊತ್ತಾಯಿತು. ಕೇಳಲು ಬಾರದವಳು ಮನೆಯಲ್ಲೇ ಕುಳಿತಿರಬಹುದು. ಅಳತೆ ಎಲ್ಲರಿಗೂ ಒಂದೇ ಆಗಬೇಕಾದರೆ ಎಲ್ಲ ಅರ್ಜಿಗೂ ತಾಯಿಯ ಹೆಸರು ಸೇರಲೇಬೇಕು. ಮೇಷ್ಟ್ರು ಕೀಲಿಗೊಂಚಲನ್ನು ಮೇಜಿನ ಮೇಲೆ ತಳ್ಳಿದರು.

ಊಟದ ಹಾಲಿನಲ್ಲಿ ಮೂವತ್ತು ಮಂದಿ ಸಾಲಾಗಿ ನೆಲದ ಮೇಲೆ ಕುಳಿತರು. ಒಬ್ಬೊಬ್ಬರ ಮುಂದೆ ಹತ್ತು ಹನ್ನೊಂದು ಅರ್ಜಿ. ಒಂದೊಂದು ಸಾಲಿಗೆ ಒಬ್ಬರಂತೆ ಟೈಪ್ ಮಾಡುವವರು ಮೂವರು. ಅರ್ಜಿಯ ಸಂಖ್ಯೆ, ತಾಯಿಯ ಹೆಸರು. ಅರ್ಜಿಯ ಸಂಖ್ಯೆ, ತಾಯಿಯ ಹೆಸರು. ಗೌರಮ್ಮ, ಕೆಂಪಮ್ಮ, ನಾಗರತ್ನ, ರತ್ನಮ್ಮ ಎಂದು ಹಾಲಿನ ತುಂಬ ತಾಯಂದಿರ ಹೆಸರುಗಳು ಒಂದರ ಮೇಲೊಂದು ಕೂಗಿಕೊಂಡವು. ಅಡುಗೆಮನೆಯ ಹೆಂಗಸೊಬ್ಬಳು ತನ್ನನ್ನೇ ಕರೆದರೆಂದು ಎರಡು ಬಾರಿ ಹೊರಗೆ ಬಂದು ನೋಡಿ ಹೋದಳು. ಸಾಲಿನ ಕೊನೆಯಲ್ಲಿ ತೋಟದಗಂಗಾ ಕೂಡ ಅರ್ಜಿ ಹಿಡಿದು ಓದುತ್ತಿದ್ದಳು. ಅವಳಿಗೆ ಸಿಕ್ಕ ಹತ್ತರಲ್ಲಿ ಅವಳದ್ದು ಇರಲಿಲ್ಲ.

ಮೂರು ಗಂಟೆಗೆ ಹೆಸರುಗಳೆಲ್ಲ ಒಳಗೆ ಸೇರಿದವು. ಮೂರೂ ಹತ್ತಕ್ಕೆ ಪ್ರೋಗ್ರಾಂ ಓಡಿಸಿದರು. ಪರದೆಯ ತುಂಬ ಕೆಂಪಕ್ಷರ ಬಂದು ನಿಂತಿತು.

ಸುಳ್ಳು ಮಾತು ಕೊಟ್ಟವರ ಮೇಲೆ ಜಾವಾ ಎಸೆಯುವ ಅದೇ ತಕರಾರು ಅದು. ಪ್ರೋಗ್ರಾಂ ಓದುವ ಕಡತದಲ್ಲಿ ಹೊಸ ಅರ್ಜಿಗಳ ಜೊತೆಗೆ ಹಾಸ್ಟೆಲಿನ ಹಳೆಯ ಹುಡುಗಿಯರ ನವೀಕರಣ ಅರ್ಜಿಗಳೂ ಇದ್ದವು. ಎರಡೂ ಅರ್ಜಿಯೇ, ಆದರೆ ಇಂಪನಾಳ ಪ್ರೋಗ್ರಾಂಗೆ ಹೊಸ ಸಾಲುಗಳನ್ನು ಬರೆದಿದ್ದ ಸಂತೋಷ್ ತಾಯಿಯ ಹೆಸರಿನ ಜಾಗವನ್ನು ಹೊಸ ಅರ್ಜಿ ಎಂಬ ವರ್ಗಕ್ಕೆ ಮಾತ್ರ ಸೇರಿಸಿದ್ದ. ಈಕ್ವಲ್ಸ್‌ಗೆ ಹೋಲಿಸಲು ಬರುವುದು ಯಾವ ವರ್ಗದ ವಸ್ತುವಾದರೂ ಆಗಬಹುದು. ಬಂದದ್ದನ್ನೆಲ್ಲ ಅವನು ಹೊಸ ಅರ್ಜಿ ಎಂದು ಕಾಸ್ಟ್ ಮಾಡಿಬಿಟ್ಟಿದ್ದ. ನವೀಕರಣ ಅರ್ಜಿಯೊಂದು ಎದುರಾದ ಕೂಡಲೇ ಎಲ್ಲ ನಿಂತುಹೋಯಿತು.

"ಹೊಸ ಅರ್ಜಿ ಅಂತ ಬ್ರಾಕೆಟ್ಟಲ್ಲಿ ಹೇಳಿದೀನಲ್ಲ ಮೇಡಂ" ಎಂದ ಸಂತೋಷ್.

"ಬಸ್ಸಲ್ಲಿ ಪಕ್ಕದಲ್ಲಿ ಕೂತೋರ್ನ ಅತ್ತೆ ಅಂತ ಕರೆದ್ರೆ ಅವರು ಅತ್ತೆ ಆಗ್ಬಿಡ್ತಾರೇನೋ?" ಎಂದರು ಮೇಡಂ. ಹದಿನಾಲ್ಕು ವರ್ಷದ ದಣಿವೆಲ್ಲ ಆ ಮಾತಿನಲ್ಲಿತ್ತು. "ಮೊದಲು ಕೇಳು. ನೀವು ಹೊಸ ಅರ್ಜಿನಾ ಅಂತ ಕೇಳು. ಹೌದು ಅಂದ್ರೆ ಮಾತ್ರ ಕಾಸ್ಟ್ ಮಾಡು. ಅಲ್ಲ ಅಂದ್ರೆ ಇವರಿಬ್ಬರೂ ಸಮ ಅಲ್ಲ ಅಂತ ಹೇಳಿ ವಾಪಸ್ ಬಾ. ಅದಕ್ಕೇ ಕಣಪ್ಪ ಇನ್‌ಸ್ಟನ್ಸ್ ಆಫ್ ಇರೋದು."

"ಅದು ಪರೀಕ್ಷೆಗೆ ಬರಲ್ಲ ಅಂದ್ಕೊಂಡಿದ್ದೆ ಮೇಡಂ."

ಮೇಡಂ ಅವನನ್ನು ನೋಡಿದರು, ಗೋಡೆಯ ಗಡಿಯಾರವನ್ನು ನೋಡಿದರು, ಲ್ಯಾಪ್‌ಟಾಪನ್ನು ಅವನ ಕಡೆಗೇ ತಿರುಗಿಸಿದರು. ತಾವೇ ಬರೆದಿದ್ದರೆ ಅರ್ಧ ನಿಮಿಷದ ಕೆಲಸ. ಅವನು ಏಳು ನಿಮಿಷ ತೆಗೆದುಕೊಂಡ. ಆ ಏಳು ನಿಮಿಷ ಮೇಡಂ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡು ನಿಂತಿದ್ದರು. ಇಂಪನಾ ಅವನಿಗೆ ಮೆಲ್ಲಗೆ ಹೇಳಿಕೊಡಲು ಹೋದಾಗ ಕಣ್ಣಲ್ಲೇ ತಡೆದರು.

ಮೂರೂವರೆಗೆ ಪಟ್ಟಿ ಬಂತು. ಹೊರಬಿದ್ದವು ಇಪ್ಪತ್ತೆರಡು. ಹನ್ನೆರಡನೆಯ ಸಾಲಿನಲ್ಲಿ ಗಂಗಾಂಬಿಕೆ, ತಾಯಿ ಹನುಮಮ್ಮ. ನಲವತ್ತೆರಡನೆಯ ಸಾಲಿನಲ್ಲಿ ಗಂಗಾಂಬಿಕೆ, ತಾಯಿ ಸುಬ್ಬಲಕ್ಷ್ಮಮ್ಮ. ಹುಡುಗರು ಚಪ್ಪಾಳೆ ತಟ್ಟಿದರು. ತೋಟದಗಂಗಾ ಎರಡೂ ಸಾಲುಗಳನ್ನು ಬೆರಳಿಟ್ಟು ಓದಿ, ಅಪ್ಪನಿಗೆ ಫೋನ್ ಮಾಡಲು ಹೊರಗೆ ಹೋದಳು.

ಚಪ್ಪಾಳೆಯ ನಡುವೆ ಮೇಡಂ ಪಟ್ಟಿಯ ಕೊನೆಯನ್ನು ನೋಡುತ್ತಿದ್ದರು. ಅರವತ್ತು ಸೀಟಿಗೆ ಅರವತ್ತೇ ಹೆಸರು. ಬೆಳಿಗ್ಗೆ ಅರವತ್ತನೆಯವಳಾಗಿದ್ದ ಸುಮನಾ ಈಗ ಕಾಯುವವರ ಪಟ್ಟಿಯಲ್ಲಿ ಮೊದಲನೆಯವಳು. ಅವಳ ಊರು ಯಾವುದೆಂದು ನೋಡಿದರು: ಊರ್ಡಿಗೆರೆ. ಹತ್ತಿರದ ಊರು, ಒಂದೇ ಬಸ್ಸು. ಸದ್ಯ ಎಂದು ಒಳಗೊಳಗೇ ಉಸಿರು ಬಿಟ್ಟು, ಹಾಗೆ ಉಸಿರು ಬಿಟ್ಟದ್ದಕ್ಕೆ ತಮ್ಮ ಮೇಲೆಯೇ ಬೇಸರಪಟ್ಟರು. ಬೆಳಿಗ್ಗೆ ಬಾಗಿಲಲ್ಲಿ ತನ್ನ ಹೆಸರು ನೋಡಿ ಹೋಗಿದ್ದ ಆ ಹುಡುಗಿಗೆ ವಿಷಯ ತಿಳಿಸುವ ಕೆಲಸವನ್ನು ಮೇಷ್ಟ್ರಿಗೆ ಬಿಡಲಿಲ್ಲ. ತಾವೇ ಫೋನ್ ಮಾಡಿ, ತಪ್ಪು ತಮ್ಮದೆಂದು ಹೇಳಿದರು. ಸುಮನಾ, ಕಾಯುವ ಪಟ್ಟಿ ಎಷ್ಟು ದಿನ ಇರುತ್ತದೆಂದು ಕೇಳಿದಳು. ಆ ವರ್ಷವೆಲ್ಲ ಅವಳು ಊರ್ಡಿಗೆರೆಯಿಂದಲೇ ಓಡಾಡಿದಳು; ಯಾವ ಸೀಟೂ ತೆರವಾಗಲಿಲ್ಲ.

ಸಮಿತಿ ನಾಲ್ಕಕ್ಕೆ ಸೇರಿ ಸಹಿ ಹಾಕಿತು. ಒಂದೇ ಹೆಸರು ಎರಡು ಕಡೆ ಇದೆಯಲ್ಲ ಎಂದು ಒಬ್ಬ ಸದಸ್ಯರು ಪೆನ್ನು ತೆಗೆದರಂತೆ. ಷಡಕ್ಷರಿ ಮೇಷ್ಟ್ರು ಆ ಪೆನ್ನನ್ನು ಅವರ ಕೈಯಿಂದಲೇ ಇಸಿದುಕೊಂಡು ತಮ್ಮ ಜೇಬಿಗೆ ಸಿಕ್ಕಿಸಿಕೊಂಡರಂತೆ.

ಹತ್ತು ದಿನದ ಮೇಲೆ ಮೇಷ್ಟ್ರು ಮತ್ತೆ ಫೋನ್ ಮಾಡಿದರು. ಮೇಡಂ ತರಗತಿಯಲ್ಲಿದ್ದರು. ಹಾಸ್ಟೆಲಿನ ಗುರುತಿನ ಚೀಟಿಗಳು ಐವತ್ತೊಂಬತ್ತೇ ಬಂದಿವೆ, ತೋಟದಗಂಗಾಳದ್ದು ಇಲ್ಲ, ಚೀಟಿಯಿಲ್ಲದೆ ಅವಳನ್ನು ಗೇಟಿನವನು ಸಂಜೆ ಒಳಗೆ ಬಿಡುತ್ತಿಲ್ಲ ಎಂದರು. ಯಾವ ಪ್ರೋಗ್ರಾಂ ಎಂದು ಮೇಡಂ ದಣಿದ ದನಿಯಲ್ಲಿ ಕೇಳಿದರು.

"ಪ್ರೋಗ್ರಾಂ ಅಲ್ಲ ಕಣಮ್ಮ. ಪ್ರಿಂಟ್ ಹಾಕೋ ಅಂಗಡಿಯವ್ನು ಎರಡ್ಸಲ ಬಂದಿದೆ ಅಂತ ಕಣ್ಣಲ್ಲೇ ನೋಡಿ ತೆಗೆದುಬುಟ್ಟವ್ನೆ. ಇವರಿಬ್ಬರಲ್ಲಿ ಒಬ್ಬಳು ಹೆಸರು ಬದಲಾಯಿಸ್ಕೊಂಡ್ರೆ ಎಲ್ಲಾರ್ಗೂ ನೆಮ್ಮದಿ ನೋಡು."

"ಅವಳ ಹೆಸರಲ್ಲಿ ಏನ್ ತಪ್ಪಿದೆ ಸಾರ್?" ಎಂದಷ್ಟೇ ಕೇಳಿ ಮೇಡಂ ಫೋನ್ ಇಟ್ಟರು.

ಸಂಜೆ ಅವರು ಗುಬ್ಬಿ ಬಸ್ಸನ್ನು ಬಿಟ್ಟರು. ಕೃಷ್ಣಕುಮಾರ್‌ಗೆ ಒಬ್ಬರೇ ಹೋಗುವಂತೆ ಹೇಳಿ, ತೋಟದಗಂಗಾಳನ್ನು ಕರೆದುಕೊಂಡು ಆ ಅಂಗಡಿಗೆ ಹೋದರು. ಎರಡೂ ಒಂದೇ ಅಲ್ವಾ ಮೇಡಂ ಎಂದು ಅಂಗಡಿಯವನು ನಗುತ್ತಾ ಕೇಳಿದ. ಮೇಡಂ ಹುಡುಗಿಯನ್ನು ಅವನ ಕ್ಯಾಮೆರಾದ ಮುಂದೆ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಕುಳಿತರು. ಆ ಚೀಟಿ ಯಂತ್ರದಿಂದ ಹೊರಗೆ ಬಂದು, ಬಿಸಿಯಾರಿ, ಹುಡುಗಿಯ ಕೊರಳಿಗೆ ಬೀಳುವವರೆಗೂ ಅಲ್ಲಿಂದ ಏಳಲಿಲ್ಲ.